ಮೂವತ್ತೇಳನೆಯ ಹಾಳೆ

ಜೆಪ್ಪುವಿನ ಆ ಮನೆಯ ಸಾಮಾನು ಇಡಿಯಾಗಿ ಕೊಂಡೆ.
ಕಪಾಟು, ಹೊಲಿಗೆ ಮೆಷಿನು, ಮೂರೇ ಕಾಲಿನ ಟೀಪಾಯಿ,
ಗೋಡೆಯ ಮೊಳೆ ಸಮೇತ ಹದಿನೆಂಟು ಸಾವಿರಕ್ಕೆ.
ತೀರಿಕೊಂಡವರ ತಂಗಿಯ ಮಗಳು
ಬಾಗಿಲಲ್ಲೇ ನಿಂತು ನೋಟು ಎಣಿಸಿಕೊಂಡಳು.
"ಆ ತಗಡಿನ ಪೆಟ್ಟಿಗೆಯೂ ಕೊಂಡುಹೋಗಿ,
ಅದರಲ್ಲಿ ಎಂತದೂ ಇಲ್ಲ, ಮಾಮನ ಕಾಗದ."

ಎಂತದೂ ಇಲ್ಲದ್ದು ಮೂವತ್ತೇಳು ಹಾಳೆ.
ಜಲವರ್ಣ. ಮೂಲೆಯಲ್ಲಿ ಇರುವೆಯಷ್ಟು ಅಕ್ಷರ: ಕಾ. ಮೊಂ.
ಕಾಸ್ಮೀರ್ ಮೊಂತೇರೊ, ಹಂಚಿನ ಕಾರ್ಖಾನೆಯ ಗುಮಾಸ್ತ,
ಲೆಕ್ಕ ಬರೆದು ಬರೆದು
ಯಾರ ಲೆಕ್ಕಕ್ಕೂ ಸಿಗದೆ ಹೋದ ಜನ.

ಪ್ರತಿ ಹಾಳೆಯ ಬೆನ್ನಿಗೆ ಪೆನ್ಸಿಲಿನ ಒಂದು ಅಂಕಿ ಇತ್ತು.
ರಬ್ಬರಿನಿಂದ ಉಜ್ಜಿ
ಅಲ್ಲೇ ನನ್ನ ರೇಟು ಬರೆದೆ.

ಬಂದರಿನ ನನ್ನ ಅಂಗಡಿಗೆ ಹಳತು ಹುಡುಕಿ ಬರುವವರಿಗೆ
ಸಾಮಾನಿಗಿಂತ ಕಥೆ ಬೇಕು.
ಮುನ್ನೂರರ ಹಾಳೆ,
"ಪಾಪ, ಮದುವೆಯಾಗಲಿಲ್ಲ, ಹುಡುಗಿ ಕಡವಿನಲ್ಲಿ ಮುಳುಗಿ..."
ಎಂದರೆ ಸಾವಿರದಿನ್ನೂರು.
ಅವಳು ಇದ್ದಳೋ ಇಲ್ಲವೋ, ಮುಳುಗಿಸಿದ್ದು ನಾನು.
ಗಾಜು ಹಾಕಿಸಿದರೆ ಎರಡೂವರೆ.

ಹಾಗೆ ಹೋಯಿತು. ಸೇತುವೆಯ ಕಂಬಗಳು ಮಣಿಪಾಲಕ್ಕೆ,
ಚಿಮಣಿ ಒಬ್ಬರಿಗೆ, ಅದರ ಹೊಗೆ ಇನ್ನೊಬ್ಬರಿಗೆ,
ಒಣಹಾಕಿದ ಬಲೆ ಕದ್ರಿಯ ಹೋಟೆಲಿಗೆ.
ಮರುವಾಯಿ ಹೆಕ್ಕುವ ಹೆಂಗಸಿನ ಬಾಗಿದ ಬೆನ್ನು
ವಿಮಾನ ಹತ್ತಿ ದುಬೈಗೆ;
ಅವಳ ಬುಟ್ಟಿ ಇಲ್ಲೇ ಬಿಜೈಯಲ್ಲಿ.

ಉಳಿದದ್ದು ಒಂದು. ಬರೀ ನೀರು.
"ಇದರಲ್ಲಿ ಎಂತ ಉಂಟು ಮಾರಾಯ್ರೆ?"
ಬಲದ ಅಂಚಿನಲ್ಲಿ ಮೊನಚಾಗಿ ಒಂಚೂರು ಕಪ್ಪು;
ಬಣ್ಣ ಚೆಲ್ಲಿದ್ದೆಂದು ಅಗ್ಗಕ್ಕೆ ಕೊಡಹೋದರೂ
ಯಾರಿಗೂ ಬೇಡ.

ಪೆಟ್ಟಿಗೆಯನ್ನು ಗುಜರಿಗೆ ಎತ್ತುವಾಗ
ತಳದ ಕಾಗದ ಎದ್ದು ಬಂತು. ಗುಮಾಸ್ತನ ದುಂಡು ಅಕ್ಷರ.
ಆದಿತ್ಯವಾರ, ಪೂಜೆ ಮುಗಿಸಿ. ದೋಣಿಗೆ ನಾಲ್ಕಾಣೆ. ಹಾಳೆ ಒಂದು, ರೈಲುಸೇತುವೆ.
ಆದಿತ್ಯವಾರ. ದೋಣಿಗೆ ನಾಲ್ಕಾಣೆ. ಹಾಳೆ ಎರಡು, ಅದರ ಎಡಕ್ಕೆ.
ಮಳೆ. ದೋಣಿ ಇಲ್ಲ.
ಮಳೆ.
ಆದಿತ್ಯವಾರ. ಹಾಳೆ ಮೂರು, ಅದರ ಎಡಕ್ಕೆ.
ಹೀಗೇ ಜೆಪ್ಪು, ಬೋಳಾರ, ಹೊಯ್ಗೆಬಜಾರು ದಾಟಿ
ಅಳಿವೆಯ ಬಾಯಿವರೆಗೆ.

ಉಳ್ಳಾಲದ ಬದಿಯಿಂದ ಈಚೆ ನೋಡಿದರೆ
ಹೊಳೆ ಬಲದಿಂದ ಎಡಕ್ಕೆ ಹರಿಯುತ್ತದೆ.
ಮದ್ರಸದಲ್ಲಿ ಬೆತ್ತದ ಪೆಟ್ಟು ತಿಂದು
ಬಲದಿಂದ ಎಡಕ್ಕೆ ಓದಲು ಕಲಿತವ ನಾನು,
ನನಗಾದರೂ ಕಾಣಬೇಕಿತ್ತು.
ಹೊಳೆಯನ್ನು ಅಂಜಲಿನ ಹಾಗೆ ಕೊಯ್ದು
ತುಂಡಿಗೊಂದು ಕ್ರಯ ಹೇಳಿ ಮಾರಿದೆ.

ಕಪ್ಪು, ಬಣ್ಣ ಚೆಲ್ಲಿದ್ದಲ್ಲ. ದೋಣಿಯ ಮೂತಿ.
ಉಳಿದ ದೋಣಿ, ಅದರಲ್ಲಿ ನಿಂತ ಅಂಬಿಗ
ಫಳ್ನೀರಿನ ದಂತವೈದ್ಯರ ಗೋಡೆಯಲ್ಲಿ.
ಫೋನು ಮಾಡಿದೆ. ಹದಿನೈದು ಸಾವಿರ ಎಂದರು.
"ಮುಂದೆ ಬೆಲೆ ಏರುತ್ತದೆ ಅಂತ
ಹೇಳಿದ್ದು ನೀವೇ ಅಲ್ವಾ ಕಾಕಾ?"

ನಿನ್ನೆ ಹೋಗಿ ಟೋಕನ್ ತೆಗೆದು ಕೂತೆ,
ಕಂಕುಳಲ್ಲಿ ಪೇಪರು ಸುತ್ತಿದ ನೀರು.
ಕೌಂಟರಿನ ಹುಡುಗಿ ಅತ್ತ ತಿರುಗಿದ ಹೊತ್ತಿಗೆ
ಎದ್ದು ಗಾಜಿನ ಎಡಕ್ಕೆ ಹಿಡಿದೆ.
ನಡುವೆ ಅರ್ಧ ಅಂಗುಲ ಚೌಕಟ್ಟು, ಆದರೂ
ಅಂಬಿಗನಿಗೆ ಮುಂದೆ ನೀರು ಸಿಕ್ಕಿತು.
ದವಡೆ ಹಿಡಿದು ಕೂತಿದ್ದ ಅಜ್ಜ ಒಬ್ಬರು
"ಓ" ಎಂದರು. ಅಷ್ಟೇ.

ನನ್ನ ನಂಬರು ಕರೆದರು.
ಕುರ್ಚಿ ಹಿಂದಕ್ಕೆ ವಾಲಿತು, ಕಣ್ಣಿಗೆ ದೀಪ.
"ಯಾವ ಹಲ್ಲು?"
ನೋವಿರಲಿಲ್ಲ. ನಾಲಗೆಯಿಂದ ತಡಕಿ
ಗಟ್ಟಿಯಾಗಿದ್ದ ಒಂದನ್ನು ತೋರಿಸಿದೆ.